ಹೆಸರು ಹೇಳಿದರೂ ತೆರೆಯದ ಬಾಗಿಲು

ಸರ್ಕಾರಿ ಜಾಲತಾಣಗಳನ್ನು ನೋಡಿಕೊಳ್ಳುವ ಮಾನ್ಯ ನಿರ್ದೇಶಕರೇ,

ನನ್ನ ಹೆಂಡತಿ ನಾಗರತ್ನಾ ತೀರಿಕೊಂಡು ಎರಡು ವರ್ಷವಾಯಿತು. ಅವಳ ದನಿ ನಿಮ್ಮ ಕಚೇರಿಯ ವಶದಲ್ಲಿದೆ. ಆ ದನಿ ಇಂದಿನ ಯಾವ ಮೊಬೈಲಿನಲ್ಲೂ ಕೇಳಿಸುವುದಿಲ್ಲ. ಅದಿರುವ ಪುಟವನ್ನು ಬರುವ ತಿಂಗಳ ಕೊನೆಗೆ ಅಳಿಸಿಹಾಕುವುದಾಗಿ ನೀವು ಪ್ರಕಟಣೆ ಹೊರಡಿಸಿದ್ದೀರಿ. ಕಾರಣ, ಆ ಪುಟಕ್ಕೆ ಜನ ಭೇಟಿ ಕೊಡುತ್ತಿಲ್ಲವಂತೆ. ಒಳಗಿನಿಂದ ಚಿಲಕ ಹಾಕಿಕೊಂಡು, ಮನೆಗೆ ಯಾರೂ ಬರುತ್ತಿಲ್ಲವೆಂದು ಮನೆಯನ್ನೇ ಕೆಡವುವ ಈ ನ್ಯಾಯವನ್ನು ತಾವು ಎಲ್ಲಿ ಕಲಿತಿರಿ? ನನ್ನ ದೂರು ಇಷ್ಟೇ. ಆದರೆ ಇಷ್ಟನ್ನೇ ಅರ್ಜಿಯಲ್ಲಿ ಬರೆದು ಕಳಿಸಿದಾಗ ನಿಮ್ಮಿಂದ ಬಂದದ್ದು ಒಂದೇ ಸಾಲಿನ ಉತ್ತರ: "ಸದರಿ ವಿಷಯವನ್ನು ಪಠ್ಯರೂಪದಲ್ಲಿ ಸಂರಕ್ಷಿಸಲಾಗಿದೆ." ಆ ಸಾಲು ಎಷ್ಟು ದೊಡ್ಡ ಸುಳ್ಳೆಂಬುದು ಬರೆದವರಿಗೂ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹತ್ತಿ ದಲಾಲಿ ಮಾಡಿದವನು. ಜೀವಮಾನವೆಲ್ಲ ಕೂಗಿ ಮಾತಾಡಿದವನು. ಆದ್ದರಿಂದ ಪತ್ರದಲ್ಲಿ ಎಲ್ಲಾದರೂ ದನಿ ಏರಿದರೆ ಅದು ಕಸುಬಿನ ಅಭ್ಯಾಸವೆಂದು ತಿಳಿಯಬೇಕು. ಮಾರುಕಟ್ಟೆಯಲ್ಲಿ ನಾವು ಬಾಯಿಮಾತಿನ ಮೇಲೆ ಗಾಡಿಗಟ್ಟಲೆ ಹತ್ತಿ ಕೊಟ್ಟಿದ್ದೇವೆ, ತೆಗೆದುಕೊಂಡಿದ್ದೇವೆ. ಆಡಿದ ಮಾತಿಗೆ ಬೆಲೆ ಇದೆ ಎಂದು ನಂಬಿದ ಮಂದಿ ನಾವು. ನಿಮ್ಮ ಕಚೇರಿಗೆ ಹೆಂಡತಿಯ ದನಿಯನ್ನು ಒಪ್ಪಿಸಿದ್ದೂ ಅದೇ ನಂಬಿಕೆಯ ಮೇಲೆ.

ನೀವು ಯಾವ ಊರಿನವರೋ ಗೊತ್ತಿಲ್ಲ, ಆದ್ದರಿಂದ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ನಗಬೇಡಿ. ನನ್ನ ಮಗಳು ರಜನಿ ಅಡುಗೆಮನೆಯಿಂದ ಪಡಸಾಲೆಗೆ ಕೇಳುವಂತೆ ಗಂಡನ ಹೆಸರು ಹಿಡಿದು ಕೂಗುತ್ತಾಳೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಆದರೆ ನಾಗರತ್ನಾಳಿಗೆ ನಾನು ಕೊನೆಯವರೆಗೂ "ಇವರು". ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಯಾರಾದರೂ ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿದ್ದವರನ್ನು ಮೊಣಕೈಯಿಂದ ತಿವಿದು ಅವರಿಂದ ಹೇಳಿಸುತ್ತಿದ್ದಳು. ನಾನೇನೂ ಕಡಿಮೆಯವನಲ್ಲ. ಅವಳನ್ನು "ಕೇಳಿತೇನ" ಎಂದು ಕರೆದೇ ಸಂಸಾರ ಮುಗಿಸಿದೆ. ಹೆಸರು ಹೇಳಲು ಅವಳಿಗೆ ಇದ್ದದ್ದು ಒಂದೇ ದಾರಿ, ಒಡಪು. ಮದುಮಗಳು ಮೊದಲ ಸಲ ಗಂಡನ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕಟ್ಟಿ, ಅದರ ನಡುವೆ ಗಂಡನ ಹೆಸರು ಸೇರಿಸಿ ಒಡಪು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ನನ್ನ ತಂಗಿ ಮುರಿಗೆವ್ವ ಹಾಗೆ ಅಡ್ಡ ನಿಂತಿದ್ದಳು. ನಾಗರತ್ನಾ ಒಡಪು ಹೇಳಿದಾಗ ಗೆಳೆಯರ ಗದ್ದಲದಲ್ಲಿ ನನಗೆ ನನ್ನ ಹೆಸರು ಸರಿಯಾಗಿ ಕೇಳಿಸಲೇ ಇಲ್ಲ.

ಹದಿನೆಂಟು ವರ್ಷದ ಹಿಂದೆ ನಿಮ್ಮ ಕಚೇರಿಯವರು ಕಮರಿಪೇಟೆಯ ನಮ್ಮ ಮನೆಗೆ ಬಂದರು. "ಹೊಸ್ತಿಲು" ಎಂಬ ಹೆಸರಿನಲ್ಲಿ ಈ ಭಾಗದ ಒಡಪುಗಳನ್ನು ಜಾಲತಾಣದಲ್ಲಿ ಇಡುತ್ತೇವೆ, ನಿಮ್ಮವರು ಚಂದ ಹೇಳುತ್ತಾರಂತೆ ಎಂದರು. ನಾಗರತ್ನಾ ಎರಡು ಷರತ್ತು ಹಾಕಿದಳು. ಮೊದಲನೆಯದು ನನ್ನ ಬಗ್ಗೆ. "ಇವರು ಮನ್ಯಾಗ ಇದ್ರ ನಾ ಬಾಯಿ ತಗ್ಯಾಂಗಿಲ್ರಿ." ನನ್ನನ್ನು ಪಕ್ಕದ ಮನೆಯ ಕಟ್ಟೆಗೆ ಅಟ್ಟಲಾಯಿತು. ಎರಡನೆಯದನ್ನು ತಾವು ಗಮನವಿಟ್ಟು ಓದಬೇಕು. "ಇವರ ಹೆಸರ ಬರೀಬ್ಯಾಡ್ರಿ. ಬಾಯಾಗಿಂದ ಬಂದ್ರ ಒಂದ ಗಳಿಗಿ ಇರತೈತಿ, ಹೋಗತೈತಿ. ಬರದ್ರ ಮಂದಿ ಅದನ್ನ ನೋಡ್ಕೋತ ಕೂಡತಾರ." ನಿಮ್ಮವರು ಒಪ್ಪಿದರು, ಆಡಿದಂತೆ ನಡೆದರು. ಬರಹದಲ್ಲಿ ಹೆಸರಿನ ಜಾಗದಲ್ಲಿ ಚುಕ್ಕಿ ಹಾಕಿದರು. ದನಿಯಲ್ಲಿ ಮಾತ್ರ ಹೆಸರು ಉಳಿಯಿತು.

ಆ ಪುಟ ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಹಸಿರು ಬಣ್ಣದ ಬಾಗಿಲಿನ ಚಿತ್ರ, ಮೇಲೆ ಮಾವಿನ ತೋರಣ. ಬಾಗಿಲನ್ನು ಒತ್ತಿದರೆ ಒಳಗಿನಿಂದ, ಅದೇ ದಿನ ನಿಮ್ಮವರು ಹಿಡಿದುಕೊಂಡ ಮುರಿಗೆವ್ವನ ದನಿ, ಹೆಸರು ಹೇಳು ಎಂದು. ಆಮೇಲೆ ನಾಗರತ್ನಾಳ ಒಡಪು. ಹೆಸರು ಬಂದ ಕೂಡಲೇ ಬಾಗಿಲ ಎರಡೂ ಕದ ತೆರೆದು ಒಳಗೆ ದೀಪ ಕಾಣಿಸುತ್ತಿತ್ತು. ಇದನ್ನೆಲ್ಲ ಫ್ಲ್ಯಾಶ್ ಎಂಬ ತಂತ್ರಜ್ಞಾನದಲ್ಲಿ ಮಾಡಿದ್ದರು. ಜಾಲತಾಣದಲ್ಲಿ ಚಿತ್ರ ಓಡಾಡಬೇಕು, ದನಿ ಬರಬೇಕು ಎಂದರೆ ಆಗ ಎಲ್ಲರೂ ಅದನ್ನೇ ಬಳಸುತ್ತಿದ್ದರಂತೆ. ರಜನಿ ಮನೆಯ ಕಂಪ್ಯೂಟರಿನಲ್ಲಿ ಹಚ್ಚಿ ತೋರಿಸಿದಳು. ಒಡಪು ಹೆಸರಿನ ಹತ್ತಿರ ಬರುತ್ತಿದ್ದಂತೆ ನಾಗರತ್ನಾ ಎದ್ದು ಬಂದು ಸ್ಪೀಕರನ್ನು ಸೆರಗಿನಿಂದ ಗಟ್ಟಿಯಾಗಿ ಮುಚ್ಚಿಬಿಟ್ಟಳು. ನನಗೆ ಕೇಳಿಸಿದ್ದು ಬಟ್ಟೆಯೊಳಗಿನ ಗೊಣಗು ಮಾತ್ರ. "ಆಮ್ಯಾಲೆ ಕೇಳ್ರಿ," ಎಂದಳು, "ಸರಕಾರದವ್ರ ಹಂತೇಕ ಐತಿ, ಎಲ್ಲಿ ಓಡಿ ಹೋಗತೈತಿ ಅದು?"

ಎಲ್ಲರೂ ನಕ್ಕೆವು. ನನಗೂ ಅವಸರವಿರಲಿಲ್ಲ. ಹೇಳಿದವಳೇ ಮನೆಯಲ್ಲಿ ಓಡಾಡಿಕೊಂಡಿರುವಾಗ ಕಂಪ್ಯೂಟರಿನಲ್ಲಿ ಯಾರು ಕೇಳುತ್ತಾ ಕೂರುತ್ತಾರೆ?

ಅವಳು ಹೋದ ಮೇಲೆ ನಾನೂ ಮುರಿಗೆವ್ವನೂ ಬೈರಿದೇವರಕೊಪ್ಪದಲ್ಲಿ ರಜನಿಯ ಮನೆಯಲ್ಲೇ ಇದ್ದೇವೆ. ಒಂದು ಮಧ್ಯಾಹ್ನ ರಜನಿ ತನ್ನ ಮೊಬೈಲಿನಲ್ಲಿ "ಹೊಸ್ತಿಲು" ಪುಟ ತೆಗೆದು ನನ್ನ ಕೈಗೆ ಕೊಟ್ಟು, ತಾನು ಬೇಕೆಂದೇ ಒಳಗೆ ಹೋದಳು. ತಾಯಿಯ ಸ್ವಭಾವ ಅವಳಿಗೆ ಗೊತ್ತು. ಮೇಲೆ ನಮ್ಮ ಓಣಿಯ ಹೆಸರಿತ್ತು, ಕೆಳಗೆ ನಾಗರತ್ನಾಳ ಹೆಸರಿತ್ತು. ನಡುವೆ ಬಾಗಿಲಿರಬೇಕಾದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕ. "ಈ ವಿಷಯಕ್ಕೆ ಬೆಂಬಲವಿಲ್ಲ" ಎಂದು ಬರೆದಿತ್ತು. ನಾನು ಅದರ ಮೇಲೆ ಬೆರಳಿಟ್ಟೆ. ಮತ್ತೆ ಒತ್ತಿದೆ. ಸ್ಮಶಾನದಿಂದ ಬಂದು ಸ್ನಾನ ಮಾಡಿದ ದಿನ ಮನೆ ಹೇಗೆ ಸಪ್ಪಳವಿಲ್ಲದೆ ಇತ್ತೋ ಆ ಚೌಕವೂ ಹಾಗೇ ಇತ್ತು. ಅಂದಿನಿಂದ ನನಗೆ ಅದು ಗೋಡೆಯ ಮೇಲೂ ಕಾಣುತ್ತದೆ, ಮುಚ್ಚಿದ ಟೀವಿಯಲ್ಲೂ ಕಾಣುತ್ತದೆ. ಆಚೆಗೆ ಯಾರೋ ನಿಂತಿದ್ದಾರೆ ಅನ್ನಿಸುತ್ತದೆ. ಇದನ್ನು ನಾನು ಡಾಕ್ಟರಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಈಗ ವಾದಕ್ಕೆ ಬರೋಣ. ಮೊಬೈಲುಗಳು ಈ ಹಳೆಯ ಫ್ಲ್ಯಾಶನ್ನು ಬೆಂಬಲಿಸಬೇಕೇ, ಬೇಡವೇ? ನಾನು ಮೊದಲು ಸಿಟ್ಟಾದದ್ದು ಮೊಬೈಲಿನ ಮೇಲೆಯೇ. ಇಷ್ಟು ದುಡ್ಡಿನ ವಸ್ತು, ನಡೆದ ಹೆಜ್ಜೆ ಎಣಿಸುತ್ತದೆ, ನಾಡಿ ಹಿಡಿಯುತ್ತದೆ, ಒಂದು ಬಾಗಿಲು ತೆರೆಯಲು ಇದಕ್ಕೇನು ಧಾಡಿ ಎಂದು ರಜನಿಯ ಜೊತೆ ಜಗಳವಾಡಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ಅವಳು, ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. "ಅಪ್ಪಾ, ಅದು ಬ್ಯಾಟರಿ ತಿಂತಿತ್ತು, ಫೋನ್ ಕಾಯ್ತಿತ್ತು. ಹೋಗ್ಲಿ ಅಂದ್ರ, ಅದ್ರಾಗ ಕಳ್ಳರು ಒಳಗ ಬರಾಕ ಸಂದಿ ಇದ್ದುವು. ಒಂದ ಮುಚ್ಚಿದ್ರ ಇನ್ನೊಂದ ತೆರೀತಿತ್ತು. ಅದಕ್ಕ ಮಾಡಿದವ್ರ ಅದನ್ನ ನಿಲ್ಲಿಸಿದ್ರು. ಅವ್ವನ ಒಡಪಿಗಂತ ಊರಮಂದಿ ಖಾತೆ ಕಳ್ಳರಿಗೆ ಕೊಡಾಕ ಬರತೈತೇನು?" ಬರುವುದಿಲ್ಲ. ಒಪ್ಪಿದೆ. ಕಳ್ಳರು ನುಗ್ಗುವ ಕಿಟಕಿಯನ್ನು ಮುಚ್ಚಬೇಕಾದದ್ದೇ. ಆದರೆ ಮಾನ್ಯರೇ, ಕಿಟಕಿಗೆ ಇಟ್ಟಿಗೆ ಹಾಕುವ ಮುನ್ನ ಒಳಗೆ ಯಾರಾದರೂ ಇದ್ದಾರೆಯೇ ಎಂದು ಒಂದು ಸಲ ಕೂಗಿ ಕೇಳುವ ಪದ್ಧತಿ ನಿಮ್ಮಲ್ಲಿ ಇಲ್ಲವೇ? ಫ್ಲ್ಯಾಶ್ ನಿಲ್ಲುತ್ತದೆಂದು ವರ್ಷಗಟ್ಟಲೆ ಮೊದಲೇ ಸಾರಿ ಹೇಳಿದ್ದರಂತೆ. ಆ ವರ್ಷಗಳಲ್ಲಿ ನಿಮ್ಮ ಕಚೇರಿ ಏನು ಮಾಡುತ್ತಿತ್ತು? ಜಾಲತಾಣದ ತಲೆಯ ಮೇಲಿನ ಚಿತ್ರವನ್ನು ಎರಡು ಸಲ ಬದಲಾಯಿಸಿದ್ದನ್ನು ನಾನು ಬಲ್ಲೆ.

ನನ್ನ ತಂದೆ ದಲಾಲಿ ಮಾಡುವಾಗ ಹತ್ತಿಯನ್ನು ಮಣದ ಲೆಕ್ಕದಲ್ಲಿ ತೂಗುತ್ತಿದ್ದರು. ಆಮೇಲೆ ಕ್ವಿಂಟಲ್ ಬಂತು. ಹಳೆಯ ತೂಕದ ಕಲ್ಲುಗಳನ್ನು ಸರ್ಕಾರ ತೆಗೆಸಿಹಾಕಿತು, ಸರಿಯಾದದ್ದೇ. ಹಾಗೆಂದು ಮಣದಲ್ಲಿ ತೂಗಿದ್ದ ಹತ್ತಿಯನ್ನು ಯಾರಾದರೂ ಗಟಾರಿಗೆ ಸುರಿದರೇ? ಹೊಸ ತಕ್ಕಡಿಗೆ ಹಾಕಿ ಮತ್ತೊಮ್ಮೆ ತೂಗಿದರು, ಅಷ್ಟೆ. ಬೇಸರದ ಕೆಲಸ, ಮೈ ಮುರಿಯುವ ಕೆಲಸ, ಆದರೆ ಮಾಡಿದರು. ಮೊಬೈಲು ಹಳೆಯದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಈಗ ಕೇಳುವುದಿಲ್ಲ. ಹಳೆಯದನ್ನು ಓದಲು ಅದಕ್ಕೆ ಬರಬೇಕು, ಓದುವಂತೆ ಮಾಡಬೇಕಾದವರು ಹಳೆಯದನ್ನು ಇಟ್ಟುಕೊಂಡವರು. ಅಂದರೆ ತಾವು.

"ಪಠ್ಯರೂಪದಲ್ಲಿ ಸಂರಕ್ಷಿಸಲಾಗಿದೆ" ಎಂಬ ಉತ್ತರ ಹಿಡಿದು ನಾನು ಧಾರವಾಡದ ನಿಮ್ಮ ಶಾಖೆಗೂ ಹೋಗಿ ಬಂದೆ. ಮೇಜಿನ ಹಿಂದಿದ್ದ ತರುಣ ಮರ್ಯಾದೆಯವನು, ಕುರ್ಚಿ ಕೊಟ್ಟ, ಹೊಸ ಪುಟ ತೆಗೆದು ತೋರಿಸಿದ. ಎಲ್ಲ ಮೊಬೈಲಿನಲ್ಲೂ ತೆರೆಯುವ, ಬಹಳ ಸುಂದರವಾದ, ಮೂಕ ಪುಟ. ಅದರಲ್ಲಿ ಇದ್ದದ್ದು ಇಷ್ಟು:

ಕರಿ ಹೊಲದಾಗ ಬಿಳಿ ಹತ್ತಿ ಒಡದ ನಗತೈತಿ,
ನಕ್ಕ ಹತ್ತಿ ನೂಲಾಗಿ ನನ್ನ ಸೀರಿ ಅಂಚಾಗೈತಿ,
ಸೀರಿ ಸೆರಗ ತಲಿ ಮ್ಯಾಲೆ, ಬಲಗಾಲ ಹೊಸ್ತಿಲ ಮ್ಯಾಲೆ,
................ ಅವರ ಹೆಸರ ಹೇಳತೇನಿ, ಬಾಗಲಾ ಬಿಟ್ಟರ ಒಳಗ ಬರತೇನಿ.

"ಪೂರ್ತಿ ಐತಲ್ರಿ ಯಜಮಾನ್ರ," ಎಂದ.

"ಹೆಸರ ಎಲ್ಲೈತ್ರಿ?" ಎಂದೆ.

ಅವನು ಚುಕ್ಕಿಗಳನ್ನು ನೋಡಿದ. ಪಾಪ, ಸಹಾಯ ಮಾಡಬೇಕೆಂಬ ಮನಸ್ಸು. "ಅದೇನ ದೊಡ್ಡ ಮಾತಲ್ರಿ. ನಿಮ್ಮ ಹೆಸರ ಹೇಳ್ರಿ, ಈಗ ಇಲ್ಲೇ ಟೈಪ್ ಮಾಡತೇನಿ."

ನನ್ನ ಹೆಸರು ನನಗೆ ಗೊತ್ತಿದೆ ಮಾನ್ಯರೇ. ಅದು ಆಧಾರ ಕಾರ್ಡಿನಲ್ಲಿದೆ, ಕರೆಂಟ್ ಬಿಲ್ಲಿನಲ್ಲಿದೆ. ಅದನ್ನು ನಿಮ್ಮ ಟೈಪಿಸ್ಟರಿಂದ ತಿಳಿಯುವ ದರಿದ್ರ ನನಗೆ ಬಂದಿಲ್ಲ. ಅವಳು ಹೇಳಿದ್ದು ಬೇಕು. ರಜನಿಯ ಮೊಬೈಲಿನಲ್ಲಿ ತಾಯಿಯ ಎರಡು ಮೂರು ವಿಡಿಯೋ ಇವೆ. ರೊಟ್ಟಿ ಬಡಿಯುತ್ತಾ "ಇವರಿಗೆ ಚಾ ಕೊಡವಾ" ಎನ್ನುತ್ತಾಳೆ. ಅಲ್ಲೂ ನಾನು "ಇವರು". ಇಡೀ ಲೋಕದಲ್ಲಿ ಅವಳ ಬಾಯಿಂದ ನನ್ನ ಹೆಸರು ಬಂದದ್ದು ಉಳಿದಿರುವುದು ಒಂದೇ ಕಡೆ. ನೀವು ಒಡಪನ್ನೆಲ್ಲ ಉಳಿಸಿ, ಯಾವುದಕ್ಕಾಗಿ ಒಡಪು ಹುಟ್ಟಿತೋ ಅದೊಂದನ್ನು ಬಿಟ್ಟಿದ್ದೀರಿ. ಇದಕ್ಕೆ ಸಂರಕ್ಷಣೆ ಎನ್ನುತ್ತೀರಾದರೆ ನಿಮ್ಮಲ್ಲಿ ನಾಶ ಯಾವುದಕ್ಕೆ ಅನ್ನುತ್ತೀರಿ?

ನಿಮ್ಮಿಂದ ಆಗದಿದ್ದದ್ದನ್ನು ಹಳೇ ಹುಬ್ಬಳ್ಳಿಯ ಮುಷರಫ ಅರ್ಧ ಮಾಡಿಕೊಟ್ಟ. ಮೊಬೈಲ್ ರಿಪೇರಿ ಅಂಗಡಿಯವನು, ರಜನಿಯ ಫೋನಿನ ಗಾಜು ಹಾಕಿಸಲು ಹೋದಾಗ ಪರಿಚಯ. ಹಳೆಯ ಫ್ಲ್ಯಾಶನ್ನು ಮತ್ತೆ ಹಾಕದೆ, ಅದರಲ್ಲಿ ಬರೆದದ್ದನ್ನು ಓದಿ ತೋರಿಸುವ ಒಂದು ಪುಟ್ಟ ತಂತ್ರಾಂಶವಿದೆಯಂತೆ. ಆಸಕ್ತರು ಸೇರಿ ಬರೆದು ಪುಕ್ಕಟೆ ಬಿಟ್ಟಿದ್ದಾರಂತೆ. ಕಳ್ಳರ ಕಾಟವೂ ಇಲ್ಲ, ಫೋನೂ ಕಾಯುವುದಿಲ್ಲ. ಮುಷರಫ ನಿಮ್ಮ ಪುಟದಿಂದ ಆ ಬಾಗಿಲನ್ನು ಇಳಿಸಿಕೊಂಡು ಸಾಧಾರಣ ಮೊಬೈಲೊಂದರಲ್ಲಿ ಹಚ್ಚಿದ. ಸಂಜೆ ನಾಲ್ಕರ ಹೊತ್ತು, ರಸ್ತೆಯಲ್ಲಿ ಆಟೋಗಳ ಗದ್ದಲ. ನನ್ನ ಜೊತೆ ಮುರಿಗೆವ್ವನೂ ಬಂದಿದ್ದಳು, ವೈನಿಯ, ಅಂದರೆ ಅತ್ತಿಗೆಯ, ದನಿ ಕೇಳಬೇಕೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು.

ಬೂದು ಚೌಕ ಹೋಯಿತು. ಹಸಿರು ಬಾಗಿಲು ಬಂತು, ತೋರಣ ಬಂತು. ಮುಷರಫ ನನ್ನ ಬೆರಳು ಹಿಡಿದು ಬಾಗಿಲ ಮೇಲೆ ಇಟ್ಟ. ಒಳಗಿನಿಂದ ಹದಿನೆಂಟು ವರ್ಷದ ಹಿಂದಿನ ಮುರಿಗೆವ್ವನ ದನಿ ಬಂತು, ನಗುತ್ತಾ: "ಹೆಸರ ಹೇಳಿ ಒಳಗ ಬಾ ವೈನಿ! ಹೇಳಲಿಲ್ಲಂದ್ರ ಸಂಜಿತನಾ ಇಲ್ಲೇ ನಿಲ್ಲಸ್ತೇವಿ!"

ಆಮೇಲೆ ಏನೂ ಇಲ್ಲ.

ಬಾಗಿಲು ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅದೇ ದನಿ, ಅದೇ ನಗು, ಅದೇ ಮಾತು. ಉತ್ತರ ಬರದಿದ್ದರೆ ಮತ್ತೆ ಕೇಳುವಂತೆ ನಿಮ್ಮವರು ಮಾಡಿದ್ದಾರೆ. "ಕಾಕಾ," ಎಂದ ಮುಷರಫ, ನನ್ನ ಮುಖ ನೋಡದೆ, "ಬಾಗಲಾ, ನಿಮ್ಮ ತಂಗಿಯವರ ದನಿ, ಎಲ್ಲಾ ಒಂದ ಗಂಟಿನ್ಯಾಗ ಅದಾವ್ರಿ. ಅಮ್ಮಾರ ದನಿ ಮಾತ್ರ ಬ್ಯಾರೆ ಕಡೆ ಇಟ್ಟಾರ, ಸರಕಾರದ ಸರ್ವರಿನ್ಯಾಗ. ಅದಕ್ಕ ಈಗ ಕೀಲಿ ಹಾಕ್ಯಾರ. ಬಾಗಲಾ ಅದನ್ನ ಕರಿಯಾಕತ್ತೈತಿ, ಅದು ಬರವಲ್ದು."

"ಕೀಲಿ ತಗ್ಯಾಕ ಬರಾಂಗಿಲ್ಲೇನು?" ಎಂದೆ.

"ಬರಬಹುದು. ಆದ್ರ ಅದು ಕಳವು ಆಗತೈತ್ರಿ. ನಿಮ್ಮ ಮನಿಯವರ ದನಿ ನೀವು ಕಳವು ಮಾಡಬೇಕೇನ್ರಿ? ಕೇಳಿ ತಗೋರಿ."

ಬಾಗಿಲು ಮತ್ತೆ ಕೇಳಿತು. ಮುರಿಗೆವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ತನ್ನದೇ ದನಿಗೆ ಅವಳು ಹೆದರಿದ್ದನ್ನು ನಾನು ಕಣ್ಣಾರೆ ಕಂಡೆ. "ಅಣ್ಣಾ," ಎಂದಳು, "ನಾ ಅಕಿನ್ನ ಇನ್ನೂ ಬಾಗಲದಾಗ ನಿಲ್ಲಿಸೇನಿ ನೋಡು. ಸತ್ತ ಮ್ಯಾಲೂ ಬಿಟ್ಟಿಲ್ಲ. ಅಕಿನ್ನ ಒಳಗ ಕರಿ, ಅಣ್ಣಾ. ನೀನರ ಏನರ ಹೇಳು."

ಮೊಬೈಲಿನ ಹತ್ತಿರ ಬಾಗಿ ನಾನು "ನಾಗರತ್ನಾ" ಎಂದೆ. ಬಾಯಿ ಬಿಟ್ಟು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮುಷರಫ ಎದ್ದು ಹೊರಗೆ ಹೋಗಿ ನಿಂತ. ಬಾಗಿಲು ತೆರೆಯಲಿಲ್ಲ, ತೆರೆಯುವುದಿಲ್ಲವೆಂದು ನನಗೂ ಗೊತ್ತಿತ್ತು.

ಅಂದಿನಿಂದ ಮುರಿಗೆವ್ವ ಮನೆಯ ಮುಂಬಾಗಿಲು ಹಾಕಗೊಡುವುದಿಲ್ಲ. ಧೂಳು ಬರುತ್ತದೆ, ನಾಯಿ ಬರುತ್ತದೆ, ರಜನಿ ರೇಗುತ್ತಾಳೆ. ಹಾಕಿದರೆ ಇವಳು ಎದ್ದು ಹೋಗಿ ತೆಗೆಯುತ್ತಾಳೆ. ಹೊಸ್ತಿಲ ಹತ್ತಿರ ಕೂರುವ ಚಟವಿತ್ತು, ಬಿಟ್ಟಿದ್ದಾಳೆ, ದಾರಿಗೆ ಅಡ್ಡವಾದೀತೆಂದು. ಊಟದ ನಡುವೆ ಒಮ್ಮೊಮ್ಮೆ ಕಿವಿಗೊಟ್ಟು ಕೂರುತ್ತಾಳೆ. ನಿಜ ಹೇಳಬೇಕೆಂದರೆ ನನಗೂ ಬಾಗಿಲಿನ ಆ ದನಿ ಕೇಳಿಸುತ್ತದೆ. ಪ್ರಶ್ನೆ ಮಾತ್ರ ಕೇಳಿಸುತ್ತದೆ. ನಾವಿಬ್ಬರೂ ವಯಸ್ಸಾದವರು, ಭ್ರಮೆ ಇರಬಹುದು ಎಂದು ತಾವು ಟಿಪ್ಪಣಿ ಬರೆದುಕೊಳ್ಳಬಹುದು. ಬರೆದುಕೊಳ್ಳಿ. ಆದರೆ ಈ ಭ್ರಮೆಯ ಉತ್ತರ ತಮ್ಮ ಸರ್ವರಿನಲ್ಲಿದೆ ಎಂಬುದನ್ನೂ ಅದರ ಕೆಳಗೆ ಬರೆಯಿರಿ.

ಇನ್ನೊಂದು ಮಾತು. "ಹೊಸ್ತಿಲು" ಪುಟದಲ್ಲಿ ನಾಗರತ್ನಾ ಒಬ್ಬಳೇ ಇಲ್ಲ. ಕುಂದಗೋಳದವರಿದ್ದಾರೆ, ನವಲಗುಂದದವರಿದ್ದಾರೆ, ಕಲಘಟಗಿಯವರಿದ್ದಾರೆ. ಎಲ್ಲರಿಗೂ ಒಂದೊಂದು ಬೂದು ಚೌಕ. ಅವರಲ್ಲಿ ಎಷ್ಟು ಜನ ಈಗ ಬದುಕಿದ್ದಾರೋ ನನಗೆ ಗೊತ್ತಿಲ್ಲ, ನಿಮಗಂತೂ ಗೊತ್ತಿಲ್ಲ. ಅವರೆಲ್ಲ ತಲೆಯ ಮೇಲೆ ಸೆರಗು ಹೊದ್ದು, ಬಲಗಾಲು ಹೊಸ್ತಿಲ ಮೇಲಿಟ್ಟು, ಹೆಸರು ಹೇಳಿ ಮುಗಿಸಿ, ಬಾಗಿಲು ಯಾಕೆ ತೆರೆಯಲಿಲ್ಲವೆಂದು ನಿಂತಿದ್ದಾರೆ. ಹೇಳಬೇಕಾದದ್ದನ್ನು ಅವರು ಹೇಳಿಯಾಗಿದೆ. ಪದ್ಧತಿಯ ಪ್ರಕಾರ, ಹೆಸರು ಹೇಳಿದ ಮೇಲೆ ಹೊರಗೆ ನಿಲ್ಲಿಸುವ ಹಕ್ಕು ಯಾವ ನಾದಿನಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಬರುವ ತಿಂಗಳು ನೀವು ಒತ್ತುವ ಗುಂಡಿಯ ಏಟು ಅವರಿಗೆಲ್ಲ ಒಂದೇ ಸಲ ಬೀಳುತ್ತದೆ. ಆ ದಿನ ನಿಮ್ಮ ಕಚೇರಿಯಲ್ಲಿ ಯಾರಾದರೂ ಒಂದು ಗಳಿಗೆ ಎದ್ದು ನಿಲ್ಲುತ್ತೀರಾ?

ನನ್ನ ಬೇಡಿಕೆ ದೊಡ್ಡದಲ್ಲ. ಅಳಿಸುವ ಆದೇಶವನ್ನು ತಡೆಹಿಡಿಯಿರಿ. ದನಿಗಳ ಮೇಲಿನ ಕೀಲಿ ತೆಗೆಯಿರಿ. ಮುಷರಫ ಹಾಕಿದ ಆ ತಂತ್ರಾಂಶವನ್ನು ನಿಮ್ಮ ಪುಟದಲ್ಲೇ ಹಾಕಿದರೆ ಯಾರ ಮೊಬೈಲೂ ಬದಲಾಗಬೇಕಿಲ್ಲ. ನಿಮ್ಮಲ್ಲಿ ಬಲ್ಲವರಿಲ್ಲದಿದ್ದರೆ ಅವನು ಬಂದು ಮಾಡಿಕೊಡುತ್ತಾನೆ, ಚಹಾ ಕುಡಿಸಿ ಕಳಿಸಿ ಸಾಕು. ಇದಾವುದೂ ಆಗದು ಎಂದಾದರೆ ಒಂದೇ ಒಂದು ದನಿಯನ್ನು ನನಗೆ ಕೊಡಿ. ಒಂದು ಸಲ ಬಾಗಿಲು ತೆರೆಯಲಿ. ಮುರಿಗೆವ್ವನ ಕಣ್ಣೆದುರಿಗೆ ತೆರೆಯಲಿ. ಅವಳು ಹಾದಿ ಬಿಡಲು ಕಾಯುತ್ತಿದ್ದಾಳೆ.

ಈ ಪತ್ರದಲ್ಲಿ ನಾಗರತ್ನಾಳ ಹೆಸರನ್ನು ಎಷ್ಟೋ ಸಲ ಬರೆದೆ. ಅವಳಿದ್ದಿದ್ದರೆ ನಾಚಿ ಪೆನ್ನು ಕಸಿದುಕೊಳ್ಳುತ್ತಿದ್ದಳು. ನನ್ನದನ್ನು ಒಂದು ಸಲವೂ ಬರೆಯಲಿಲ್ಲ, ಅವಳ ಷರತ್ತು ಇನ್ನೂ ಜಾರಿಯಲ್ಲಿದೆ. ಸಹಿ ಇಲ್ಲದ ಪತ್ರವನ್ನು ಪರಿಗಣಿಸಲಾಗದು ಎಂದು ತಾವು ಬರೆಯುವಿರಿ, ಗೊತ್ತು. ಸಹಿ ತಮ್ಮ ಹತ್ತಿರವೇ ಇದೆ. ಕೀಲಿ ತೆಗೆದು, ಕೋಣೆಯ ಪಂಖ ನಿಲ್ಲಿಸಿ, ಅವಳು ಹೇಳುವುದನ್ನು ಕೇಳಿಸಿಕೊಳ್ಳಿ. ಆಮೇಲೆ ಈ ಕೆಳಗೆ ತುಂಬಿಕೊಳ್ಳಿ.

ಇಂತಿ,
................
(ನಾಗರತ್ನಾಳ ಗಂಡ)
ಬೈರಿದೇವರಕೊಪ್ಪ, ಹುಬ್ಬಳ್ಳಿ